ಅರಿವಳಿಕೆಗೆ ಮುಂಚೆ ಹೇಳಬೇಕಾದ ಮಾತು



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಆದರೂ ಯೂರಿಕ್ ಆಮ್ಲದ ತೊಂದರೆ ಇರುವವರಿಗೆ ಕೊಡುವ ಅರಿವಳಿಕೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

ನನ್ನ ಮಾಮುಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಿತ್ತು. ಅವರಿಗೆ ಕನ್ನಡ ಅಷ್ಟಾಗಿ ಬಾರದು, ಹಾಗಾಗಿ ನಾನು ಜೊತೆಗಿದ್ದೆ. ಅರಿವಳಿಕೆ ವೈದ್ಯರು, "ಬೇರೆ ಏನಾದರೂ ಕಾಯಿಲೆ ಇದೆಯೇ?" ಎಂದು ಕೇಳಿದರು. ನಾನು, "ಔರ್ ಕೋಯಿ ಬೀಮಾರಿ ಹೈ, ಮಾಮು?" ಎಂದೆ. "ನಹೀಂ ಬೇಟಾ" ಎಂದರು. "ಇಲ್ಲ" ಎಂದು ಬರೆಸಿದೆ. ವ್ಯಾಕರಣದ ಪ್ರಕಾರ ನನ್ನ ಅನುವಾದದಲ್ಲಿ ತಪ್ಪಿರಲಿಲ್ಲ. ಆದರೆ ಕಾಲಿನ ಹೆಬ್ಬೆರಳು ಊದಿ ವರ್ಷಕ್ಕೆರಡು ಸಲ ಹಾಸಿಗೆ ಹಿಡಿಯುತ್ತಿದ್ದ ಮಾಮುಗೆ ಅದು ಬೀಮಾರಿಯೇ ಅಲ್ಲ, ಬರೀ "ಜೋಡಾಂ ಕಾ ದರದ್". ದಿನವೂ ನುಂಗುತ್ತಿದ್ದ ಅಲೋಪ್ಯೂರಿನಾಲ್ ಮಾತ್ರೆಯ ಸುದ್ದಿ ಬರಲೇ ಇಲ್ಲ. ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಆಪರೇಷನ್ ಸುಸೂತ್ರವಾಯಿತು. ಸಂಜೆ ಮೂತ್ರ ನಸುಗುಲಾಬಿ ಬಣ್ಣಕ್ಕೆ ತಿರುಗಿದ್ದು ಕಂಡು ಮುಮಾನಿ ರಕ್ತವೆಂದು ಅತ್ತೇಬಿಟ್ಟರು. ಪರೀಕ್ಷಿಸಿದಾಗ ರಕ್ತವಿರಲಿಲ್ಲ, ಯೂರಿಕ್ ಆಮ್ಲದ ಹರಳುಗಳಿದ್ದವು. ಮೂರನೆಯ ದಿನ ಹೆಬ್ಬೆರಳು ಕೆಂಡದಂತಾಯಿತು. ಆಗ ನಿಜ ಹೊರಬಿತ್ತು.

ವೈದ್ಯರು ಬೈಯಲಿಲ್ಲ, ಕೂರಿಸಿಕೊಂಡು ವಿವರಿಸಿದರು. ಆಹಾರದಲ್ಲೂ ನಮ್ಮ ಜೀವಕೋಶಗಳಲ್ಲೂ ಇರುವ ಪ್ಯೂರಿನ್ ಒಡೆದಾಗ ಕೊನೆಗೆ ಉಳಿಯುವುದೇ ಯೂರಿಕ್ ಆಮ್ಲ. ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂವರೆಗೆ ಕರಗಿರುತ್ತದೆ. ಮೀರಿದರೆ ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂರಬಹುದು. ಮಾಮುಗೆ ರಕ್ತನಾಳದ ಮೂಲಕ ಕೊಟ್ಟಿದ್ದು ಪ್ರೊಪೊಫಾಲ್. ಸೋಯಾ ಎಣ್ಣೆಯಲ್ಲಿ ಬೆರೆಸಿದ, ಹಾಲಿನಂತೆ ಬೆಳ್ಳಗಿರುವ ಔಷಧಿ. ಒಂದು ನಿಮಿಷದೊಳಗೆ ನಿದ್ದೆ ಬರಿಸುತ್ತದೆ. ಇದು ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚು ಹೊರಹೋಗುವಂತೆ ಮಾಡುತ್ತದೆ. ಕೆಲವರಲ್ಲಿ ಅದು ಹರಳುಗಟ್ಟಿ ಮೂತ್ರ ಗುಲಾಬಿಯಾಗುತ್ತದೆ. ನೋಡಿದರೆ ಭಯ, ಆದರೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೂ ಪರೀಕ್ಷಿಸದೆ ರಕ್ತವಲ್ಲ ಎಂದುಕೊಳ್ಳಬಾರದು.

ಹೆಬ್ಬೆರಳಿನ ಕಥೆ ಬೇರೆ. ಶಸ್ತ್ರಚಿಕಿತ್ಸೆಯಿಂದ ದೇಹಕ್ಕಾಗುವ ಆಘಾತ, ನೀರಿನ ಕೊರತೆ, ಮಾತ್ರೆ ತಪ್ಪಿದ್ದು, ಇವೆಲ್ಲ ಗೌಟ್ ಕೆರಳಿಸುತ್ತವೆ. ಮಾಮು ಹಿಂದಿನ ಸಂಜೆಯಿಂದ ಒಂದು ಗುಟುಕು ನೀರನ್ನೂ ಮುಟ್ಟಿರಲಿಲ್ಲ. ಸಾಮಾನ್ಯವಾಗಿ ಊಟ ಬಿಡಬೇಕಾದ್ದು 6 ಗಂಟೆ ಮೊದಲು, ಬರೀ ನೀರನ್ನು 2 ಗಂಟೆ ಮೊದಲು. ಕೆಲವರಿಗೆ ವೈದ್ಯರು ಬೇರೆ ಲೆಕ್ಕ ಹೇಳುತ್ತಾರೆ. ಹೆಚ್ಚು ಉಪವಾಸವಿದ್ದರೆ ಹೆಚ್ಚು ಒಳ್ಳೆಯದೆಂಬುದು ನಮ್ಮ ಮನೆಗಳ ಲೆಕ್ಕ! ಅಲೋಪ್ಯೂರಿನಾಲನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ನಿಲ್ಲಿಸಬೇಕೋ ಬೇಡವೋ ಎಂದು ಹೇಳಬೇಕಾದವರು ವೈದ್ಯರು, ನಾವಲ್ಲ. ನೋವಿನ ಮಾತ್ರೆ ಕೊಡುವ ಮೊದಲೂ ಅವರು ಮೂತ್ರಪಿಂಡದ ಪರೀಕ್ಷೆ ಮಾಡಿಸಿದರು. ಗೌಟ್ ಇರುವವರ ಮೂತ್ರಪಿಂಡ ದುರ್ಬಲವಾಗಿರಬಹುದು, ಕೆಲವು ನೋವಿನ ಮಾತ್ರೆಗಳು ಅದಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತವೆ. ಇದ್ಯಾವುದೂ ಅರಿವಳಿಕೆ ಬೇಡವೆನ್ನಲು ಕಾರಣವಲ್ಲ.

ವಿದ್ಯಾರ್ಥಿಗಳೇ, ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಯರ ಮಾತನ್ನು ವೈದ್ಯರಿಗೆ ತಲುಪಿಸುವವರು ನೀವೇ. "ಬೀಮಾರಿ ಏನು?" ಎನ್ನಬೇಡಿ. "ದಿನಾ ಯಾವ ಮಾತ್ರೆ ನುಂಗುತ್ತೀರಿ, ಎಲ್ಲಿ ನೋವು ಬರುತ್ತದೆ?" ಎಂದು ಕೇಳಿ. ಮಾಮುಗೆ ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆಗ ನಾನು ಅನುವಾದದ ಗೋಜಿಗೇ ಹೋಗಲಿಲ್ಲ. ಅವರ ಮಾತ್ರೆಗಳ ಪ್ಲಾಸ್ಟಿಕ್ ಕವರನ್ನು ವೈದ್ಯರ ಮೇಜಿನ ಮೇಲೆ ಸುರಿದೆ. ಅವರು ಒಂದೊಂದನ್ನೇ ಎತ್ತಿ ನೋಡಿ ಬರೆದುಕೊಂಡರು.