ಬಿಸಿಯನ್ನು ತಾಳುವ ಕಿಣ್ವ ಮತ್ತು ಮುರುಗಲ ತುಪ್ಪ
(ವಿದ್ಯಾರ್ಥಿ ಶಿಬಿರವೊಂದರ ಉಪನ್ಯಾಸದ ಪಠ್ಯ)



ಮುರುಗಲ ಬೀಜದಿಂದ ತುಪ್ಪ ತೆಗೆಯುವ ಕ್ರಮ ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಬೀಜವನ್ನು ಒಣಗಿಸಿ, ಕುಟ್ಟಿ ಪುಡಿಮಾಡಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ; ಆರಿದ ಮೇಲೆ ಗಟ್ಟಿಯಾಗುತ್ತದೆ. ನೀರು ಮತ್ತು ಬೆಂಕಿಯ ಹೊರತು ಬೇರೇನೂ ಬೇಡ. ಆದರೆ ಎಣ್ಣೆ, ಕೊಬ್ಬುಗಳನ್ನು ಸಂಸ್ಕರಿಸುವ ದೊಡ್ಡ ಉದ್ಯಮದಲ್ಲಿ ಹೆಕ್ಸೇನ್‌ನಂಥ ದ್ರಾವಕಗಳ ಬಳಕೆ ವ್ಯಾಪಕವಾಗಿದೆ. ಹೆಕ್ಸೇನ್ ಪೆಟ್ರೋಲಿಯಂ ಮೂಲದ, ಬೇಗ ಹೊತ್ತಿಕೊಳ್ಳುವ ದ್ರವ. ಅದರ ಆವಿಯನ್ನು ದೀರ್ಘಕಾಲ ಉಸಿರಾಡಿದವರ ನರಗಳಿಗೆ ಹಾನಿಯಾಗಬಹುದು. ಇಂಥ ದ್ರಾವಕಗಳ ಬಳಕೆಯನ್ನು ತಗ್ಗಿಸಲು ವಿಜ್ಞಾನ ಕಂಡುಕೊಂಡ ದಾರಿಗಳಲ್ಲಿ ಒಂದು, ಬಿಸಿಯನ್ನು ತಾಳುವ ಕಿಣ್ವ.

ಕಿಣ್ವವೆಂದರೆ ಜೀವಕೋಶದಲ್ಲಿ ಸಿದ್ಧವಾಗುವ ಪ್ರೋಟೀನ್. ಅಮೈನೋ ಆಮ್ಲಗಳ ಉದ್ದನೆಯ ಸರಪಳಿಯೊಂದು ನಿರ್ದಿಷ್ಟ ಆಕಾರದಲ್ಲಿ ಮಡಚಿಕೊಂಡಿರುತ್ತದೆ. ಕಿಣ್ವದ ಕಸುವು ಆ ಮಡಿಕೆಯಲ್ಲಿದೆ. ನೀರಿನಲ್ಲಿ ಕಾವು ಏರಿದಾಗ ಮಡಿಕೆ ಬಿಚ್ಚಿಹೋಗುತ್ತದೆ. ಬೆಂದ ಮೊಟ್ಟೆಯ ಬಿಳಿಭಾಗ ಮತ್ತೆ ಹಸಿಯಾಗದಿರುವುದು ಇದಕ್ಕೆ ನಿದರ್ಶನ. ಸರಪಳಿ ಬಿಚ್ಚಿಕೊಳ್ಳಲು ಬೇಕಾದ ಸಡಿಲತೆಯನ್ನು ಕೊಡುವುದು ನೀರು. ಕಾವಿನಲ್ಲಿ ಸರಪಳಿಯನ್ನು ಕಡಿಯುವ ರಾಸಾಯನಿಕ ಕ್ರಿಯೆಗೂ ನೀರೇ ಬೇಕು. ನೆನೆಸಿದ ಬೀಜ ಬಿಸಿಗೆ ಬೇಗ ಸಾಯುತ್ತದೆ. ಚೆನ್ನಾಗಿ ಒಣಗಿದ ಬೀಜ ಅದಕ್ಕಿಂತ ಹೆಚ್ಚಿನ ಕಾವನ್ನು ತಾಳಿಕೊಳ್ಳುತ್ತದೆ. ಕಿಣ್ವದ ಸ್ವಭಾವವೂ ಹಾಗೆಯೇ.

1984ರಲ್ಲಿ ಅಮೆರಿಕದ ಜ್ಯಾಕ್ಸ್ ಮತ್ತು ಕ್ಲಿಬನೋವ್ ಇದನ್ನು ಪ್ರಯೋಗದಿಂದ ತೋರಿಸಿದರು. ಅವರು ಆರಿಸಿಕೊಂಡದ್ದು ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ. ಹಂದಿಯ ಮೇದೋಜೀರಕ ಗ್ರಂಥಿಯದು. ನೀರಿನ ಅಂಶವನ್ನು ತೆಗೆದಾಗ ಅದು 100 ಡಿಗ್ರಿ ಸೆಲ್ಸಿಯಸ್ ಕಾವನ್ನು ಹಲವು ಗಂಟೆಗಳ ಕಾಲ ತಾಳಿತು. ಅಷ್ಟೇ ಅಲ್ಲ, ಆ ಕಾವಿನಲ್ಲಿ ಕೆಲಸವನ್ನೂ ಮಾಡಿತು. ಆದರೆ ಆ ಕಿಣ್ವ ಇದ್ದದ್ದು ಸಾವಯವ ದ್ರವವೊಂದರ ನಡುವೆ.

ಯಾವ ದ್ರವದ ಆಸರೆಯೂ ಇಲ್ಲದೆ ಕಿಣ್ವವನ್ನೇ ದ್ರವವಾಗಿಸುವ ಕಾರ್ಯ ನಡೆದದ್ದು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ. ಸ್ಟೀಫನ್ ಮ್ಯಾನ್ ಅವರ ತಂಡ ಮೊದಲು ಪ್ರೋಟೀನಿನ ಮೈಮೇಲೆ ಧನ ವಿದ್ಯುದಂಶವನ್ನು ಹೆಚ್ಚಿಸಿತು. ಬಳಿಕ ಋಣ ವಿದ್ಯುದಂಶವುಳ್ಳ, ಸಾಬೂನಿನ ಗುಣದ ಪಾಲಿಮರ್ ಅಣುಗಳನ್ನು ಅದಕ್ಕೆ ಅಂಟಿಸಿತು. ಹೆಪ್ಪುಗಟ್ಟಿಸಿ ನೀರನ್ನೆಲ್ಲ ಹೀರಿ ತೆಗೆದು ಮೆಲ್ಲಗೆ ಬೆಚ್ಚಗಾಗಿಸಿದಾಗ ಪ್ರೋಟೀನ್ ಜೇನಿನಂತೆ ಕರಗಿ ಮಂದ ದ್ರವವಾಯಿತು. ನೀರು ಮಾಡುತ್ತಿದ್ದ ಕೆಲಸವನ್ನು ಆ ಪಾಲಿಮರ್ ಹೊದಿಕೆ ವಹಿಸಿಕೊಂಡಿತ್ತು. 2014ರಲ್ಲಿ ಈ ರೀತಿ ಸಿದ್ಧಪಡಿಸಿದ ಲೈಪೇಸ್ 150 ಡಿಗ್ರಿಯಲ್ಲಿಯೂ ಕ್ರಿಯಾಶೀಲವಾಗಿತ್ತು.

150 ಡಿಗ್ರಿಯ ಆ ಸಾಧನೆ ಪ್ರಯೋಗಶಾಲೆಯದು. ಕಾರ್ಖಾನೆಗಳು ಬಳಸುತ್ತಿರುವುದು ಇನ್ನೂ ಸರಳವಾದ ಉಪಾಯವನ್ನು: ಲೈಪೇಸನ್ನು ರಾಳ ಅಥವಾ ಸಿಲಿಕಾದ ಹರಳುಗಳ ಮೇಲೆ ಕೂರಿಸಿ, ಸುಮಾರು 70 ಡಿಗ್ರಿಯಲ್ಲಿ ಕರಗಿದ ಕೊಬ್ಬನ್ನು ಅದರ ಮೂಲಕ ಹರಿಸುವುದು. ಈ 70 ಡಿಗ್ರಿಗೆ ಅರ್ಥವಿದೆ. ಗಟ್ಟಿ ಕೊಬ್ಬುಗಳಲ್ಲಿರುವ ಸ್ಟಿಯರಿಕ್ ಆಮ್ಲ ಕರಗುವುದು 69 ಡಿಗ್ರಿಯಲ್ಲಿ. ಕಿಣ್ವ ಅಷ್ಟು ಕಾವನ್ನು ತಾಳದಿದ್ದರೆ ಆಮ್ಲವನ್ನು ಕರಗಿಸಲು ದ್ರಾವಕ ಬೇಕಾಗುತ್ತದೆ. ತಾಳಿದರೆ ಕಾವೇ ಸಾಕು. ಪರಿಸರದ ದೃಷ್ಟಿಯಿಂದ ಇದು ನಿಜವಾದ ಲಾಭ.

ಆದರೆ ಇದೇ ಕಿಣ್ವಕ್ಕೆ ಇನ್ನೊಂದು ಸಾಮರ್ಥ್ಯವಿದೆ. ಕೊಬ್ಬಿನ ಅಣುವಿನ ಎರಡು ತುದಿಗಳಲ್ಲಿರುವ ಆಮ್ಲಗಳನ್ನು ಬದಲಿಸಿ, ಅಗ್ಗದ ತಾಳೆಎಣ್ಣೆಯ ಅಂಶವನ್ನು ಕೋಕೋ ಬೆಣ್ಣೆಯಂತಾಗಿಸಬಲ್ಲದು. 1970ರ ದಶಕದಲ್ಲೇ ಯೂನಿಲಿವರ್ ಕಂಪನಿ ಈ ವಿಧಾನಕ್ಕೆ ಪೇಟೆಂಟ್ ಕೋರಿತ್ತು. ಇಲ್ಲಿ ಬೆಟ್ಟದ ಹಿತ ಅಡಗಿದೆ. ಯುರೋಪಿನ ಒಕ್ಕೂಟ 2000ನೇ ಇಸವಿಯ ನಿರ್ದೇಶನದಲ್ಲಿ ಚಾಕೊಲೇಟಿಗೆ ಶೇಕಡ 5ರವರೆಗೆ ಬೆರೆಸಬಹುದಾದ ಆರು ಸಸ್ಯಜನ್ಯ ಕೊಬ್ಬುಗಳನ್ನು ಹೆಸರಿಸಿತು. ಅವುಗಳಲ್ಲಿ ಪಶ್ಚಿಮಘಟ್ಟದ ಮುರುಗಲೂ ಒಂದು, ತಾಳೆಎಣ್ಣೆಯೂ ಒಂದು. ಕಿಣ್ವದಿಂದ ಅಣುರಚನೆಯನ್ನು ಬದಲಿಸಿದ ಕೊಬ್ಬಿಗೆ ಅಲ್ಲಿ ಅವಕಾಶವಿಲ್ಲ. ಆ ಒಂದು ಷರತ್ತು ಕಾಡಿನ ಬೀಜಕ್ಕೆ ಬೇಲಿಯಂತಿದೆ. ಅಂಥ ಷರತ್ತಿಲ್ಲದ ಸೋಪು, ಮುಲಾಮುಗಳ ಮಾರುಕಟ್ಟೆಯಲ್ಲಿ ಆ ಬೇಲಿಯೂ ಇಲ್ಲ.

ದ್ರಾವಕವಿಲ್ಲದ ಕ್ರಿಯೆಯನ್ನು ಹಸಿರು ತಂತ್ರಜ್ಞಾನವೆಂದು ಕರೆಯುವುದು ತಪ್ಪಲ್ಲ. ಆದರೆ ಲೆಕ್ಕ ಕಾರ್ಖಾನೆಯ ಗೋಡೆಯೊಳಗೆ ಮುಗಿಯಬಾರದು. ಕಿಣ್ವದ ಬಾಯಿಗೆ ಬೀಳುವ ಎಣ್ಣೆ ಇಂಡೋನೇಷ್ಯಾದಲ್ಲಿ ಕಾಡು ಕಡಿದು ಬೆಳೆಸಿದ ತೋಟದ್ದೇ, ಅಥವಾ ನಿಂತ ಮರದಡಿ ಹೆಕ್ಕಿದ ಬೀಜದ್ದೇ ಎಂಬುದೂ ಆ ಲೆಕ್ಕಕ್ಕೆ ಸೇರಬೇಕು. ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಯೂ ಮುರುಗಲು ಹೆಕ್ಕುವ ತಾಯಿಯೂ ಒಟ್ಟಿಗೆ ಕುಳಿತು ಕೇಳಬೇಕಾದ ಪ್ರಶ್ನೆ ಇದು.