ಹೆಣ್ಣೋ ಗಂಡೋ, ಯಾರಿಂದ?



ಹಸು ಹೆಣ್ಣು ಕರು ಹಾಕಿದರೆ ನಮಗೆ ಸಂತೋಷ. ಸೊಸೆ ಹೆಣ್ಣು ಹೆತ್ತರೆ ಮಾತ್ರ ಅವಳನ್ನೇ ಬಯ್ಯುತ್ತೇವೆ. ಇದು ಸರಿಯಾ? ನೋಡೋಣ.

ನಮ್ಮ ಮೈಯೆಲ್ಲ ಸಣ್ಣ ಸಣ್ಣ ಜೀವಕೋಶಗಳು. ಕೋಶದೊಳಗೆ 46 ಎಳೆಗಳಿವೆ. ಇವೇ ವರ್ಣತಂತುಗಳು. ಗಾಯ ಮಾಯುವಾಗ ಒಂದು ಕೋಶ ಎರಡಾಗುತ್ತದೆ. ಎರಡರಲ್ಲೂ 46 ಎಳೆ ಇರುತ್ತವೆ. ತಾಯಿಯ ಅಂಡ, ತಂದೆಯ ವೀರ್ಯಾಣು ಆಗುವಾಗ ಹಾಗಲ್ಲ. ಅರ್ಧ, ಅಂದರೆ 23 ಮಾತ್ರ. ಇವೆರಡೂ ಕೂಡಿದರೆ ಮತ್ತೆ 46. ಆ ಒಂದು ಕೋಶವೇ ಎರಡಾಗಿ, ನಾಲ್ಕಾಗಿ, ಕೊನೆಗೆ ಮಗುವಾಗುತ್ತೆ.

ತಾಯಿ ಕೊಡುವುದು ಎಕ್ಸ್ ಎಂಬ ಎಳೆ. ತಂದೆಯಿಂದಲೂ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಯಾವುದು ಬರಬೇಕು ಅನ್ನೋದು ಅವನ ಕೈಯಲ್ಲೂ ಇಲ್ಲ. ಹಸು-ಹೋರಿಯಲ್ಲೂ ಹೀಗೇ. ಕೋಳಿಯಲ್ಲಿ ಮಾತ್ರ ತಿರುವುಮುರುವು. ಅಲ್ಲಿ ತೀರ್ಮಾನ ಆಗೋದು ಹೇಂಟೆಯಿಂದ. ಆದರೆ ಹೇಂಟೆಯನ್ನು ಯಾರೂ ಬಯ್ಯೋದಿಲ್ಲ ಬಿಡಿ!