ಕಾಣದ ಬಿರುಕು

(ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸಂತೆಯಲ್ಲಿ ಗಡಿಗೆ ಕೊಳ್ಳುವ ನಮ್ಮ ತಾಯಂದಿರು ಅದನ್ನು ಬೆರಳಿನಿಂದ ಬಾರಿಸಿ ನೋಡುತ್ತಾರೆ. ಕಣ್ಣಿಗೆ ಕಾಣದ ಸೀಳು ಕಿವಿಗೆ ಸಿಕ್ಕುತ್ತದೆ. ಇಂದು ನಾನು ನಿವೇದಿಸಬೇಕೆಂದಿರುವ ವಿದ್ಯೆಯ ಮೂಲವೂ ಇದೇ.

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಹಾರುತ್ತಿದ್ದ ವಿಮಾನವೊಂದರ ಮೇಲ್ಛಾವಣಿಯ ತಗಡು ಕಿತ್ತುಹೋಗಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ರಿವೆಟ್ಟುಗಳ ಬಳಿ ಬೆಳೆದಿದ್ದ ಸಣ್ಣ ಬಿರುಕುಗಳು ತಪಾಸಣೆಯಲ್ಲಿ ಕಣ್ಣುತಪ್ಪಿದ್ದವು. ನಮ್ಮ ತೇಜಸ್ ವಿಮಾನದ ರೆಕ್ಕೆಯೋ ಇಂಗಾಲದ ಎಳೆಗಳನ್ನು ರಾಳದಿಂದ ಬೆಸೆದ ಪದರುಗಳ ಫಲಕ. ಅಂತಹ ಫಲಕದ ಮೇಲೆ ಉಪಕರಣವೊಂದು ಬಿದ್ದರೆ, ಹೊರಮೈ ನುಣುಪಾಗಿಯೇ ಉಳಿದು ಒಳಗಿನ ಪದರು ಬಿಟ್ಟುಕೊಂಡಿರಬಹುದು. ಆದುದರಿಂದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿಯೂ ಈ ಬಗೆಯ ಪರೀಕ್ಷೆಯ ಸಂಶೋಧನೆ ನಡೆದಿದೆ.

ಫಲಕಕ್ಕೆ ಅಂಟಿಸಿದ ಪುಟ್ಟ ಬಿಲ್ಲೆಯೊಂದು ವಿದ್ಯುತ್ತು ತಗಲಿದೊಡನೆ ಕಂಪಿಸುತ್ತದೆ. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಆ ಧ್ವನಿ ನಮ್ಮ ಕಿವಿಗೆ ಕೇಳಿಸದು. ಎರಡು ದಡಗಳ ನಡುವಣ ಕಾಲುವೆಯ ನೀರಿನಂತೆ, ಅದು ಫಲಕದ ಎರಡು ಮೈಗಳ ನಡುವೆಯೇ ಬಹುದೂರ ಸಾಗುತ್ತದೆ. ಇದರ ಗಣಿತವನ್ನು 1917ರಲ್ಲಿ ಇಂಗ್ಲೆಂಡಿನ ಹೊರೇಸ್ ಲ್ಯಾಂಬ್ ಬಿಡಿಸಿಕೊಟ್ಟರು. ದಾರಿಯಲ್ಲಿ ಬಿರುಕು ಎದುರಾದರೆ ಅಲೆಯ ಒಂದಂಶ ಚದರುತ್ತದೆ. ಬೇರೆಡೆ ಅಂಟಿಸಿದ ಬಿಲ್ಲೆಗಳು ಅದನ್ನು ಆಲಿಸುತ್ತವೆ.

ಆದರೆ ತೊಡಕುಗಳುಂಟು. ಒಂದೇ ಸಲಕ್ಕೆ ಕನಿಷ್ಠ ಎರಡು ಬಗೆಯ ಅಲೆಗಳು ಹೊರಡುತ್ತವೆ. ಒಂದು ಫಲಕವನ್ನು ಹಿಗ್ಗಿಸಿ ಕುಗ್ಗಿಸುತ್ತ, ಇನ್ನೊಂದು ಬಾಗಿಸುತ್ತ ಹೋಗುತ್ತದೆ. ಅಂಚುಗಳ ಮರುದನಿಯೂ ಬೆರೆಯುತ್ತದೆ. ಅದಕ್ಕಾಗಿ, ಫಲಕ ಆರೋಗ್ಯವಾಗಿದ್ದಾಗಿನ ದನಿಯನ್ನು ದಾಖಲಿಸಿಟ್ಟು, ಇಂದಿನ ದನಿಯಿಂದ ಅದನ್ನು ಕಳೆಯುತ್ತಾರೆ. ಉಳಿದ ಶೇಷವೇ ಬಿರುಕಿನ ಸುಳಿವು. ಇಲ್ಲಿಯೂ ಬಿಸಿಲು ಅಡ್ಡಬರುತ್ತದೆ. ಕಾವೇರಿದಂತೆ ಅಲೆಯ ವೇಗ ತಗ್ಗುತ್ತದೆ. ಬೆಳಗಿನ ಜಾವದ ದಾಖಲೆಯೊಡನೆ ನಮ್ಮ ವೈಶಾಖದ ನಡುಹಗಲಿನ ದನಿಯನ್ನು ಹೋಲಿಸಿದರೆ, ಇಲ್ಲದ ಬಿರುಕು ಇದ್ದಂತೆ ತೋರೀತು, ಇದ್ದುದು ಮರೆಯಾದೀತು.

ಪರಿಹಾರವೇನು? ನಾನಾ ಉಷ್ಣತೆಗಳಲ್ಲಿ ದಾಖಲೆ ಮಾಡಿಟ್ಟು, ಇಂದಿನ ದನಿಗೆ ಅತಿ ಸಮೀಪವಾದುದನ್ನು ಆರಿಸಬೇಕು. ಉಳಿದ ಅಂತರವನ್ನು ಅಲೆಯ ಕಾಲವನ್ನು ತುಸು ಹಿಗ್ಗಿಸಿಯೋ ಕುಗ್ಗಿಸಿಯೋ ಸರಿಹೊಂದಿಸಬೇಕು. ಆ ಬಳಿಕವೇ ಕಳೆಯಬೇಕು. ಜೋರಾಗಿ ಬಾರಿಸುವುದು ಸುಧಾರಣೆಯಲ್ಲ. ನ್ಯಾಯವಾಗಿ ಹೋಲಿಸುವುದೇ ಸುಧಾರಣೆ.

ತಗಡು, ಅಲೆ, ಬಿರುಕು, ಮರುದನಿ: ಇವೆಲ್ಲ ನಮ್ಮ ಮನೆಮಾತುಗಳೇ. ಈ ಗಡಿನಾಡಿನಲ್ಲಿ ಕನ್ನಡದಲ್ಲಿ ಕಲಿಯುವ ಮಗು ಇಂತಹ ವಿದ್ಯೆ ತನ್ನದಲ್ಲವೆಂದು ಹಿಂಜರಿಯಬೇಕಾಗಿಲ್ಲ. ಗಡಿಗೆಯನ್ನು ಬಾರಿಸಿ ಕಿವಿಗೊಟ್ಟ ಅಜ್ಜಿಯ ಮೊಮ್ಮಕ್ಕಳು ನಾಳೆ ವಿಮಾನದ ರೆಕ್ಕೆಗೂ ಕಿವಿಗೊಡಲೆಂದು ಹಾರೈಸಿ ವಿರಮಿಸುತ್ತೇನೆ.